ಮಾಲು ನಮ್ದು, ದಾರಿ ಯಾರ್ದು? ರಫ್ತಿನ ಪ್ಲಾನೂ ರಸ್ತೆ-ರೈಲು-ಬಂದರಿನ ಪ್ಲಾನೂ ಒಂದೇ ಟೇಬಲ್ ಮೇಲೆ ಯಾಕಿರ್ಬೇಕು

ಬೆಂಗಳೂರಿಂದ ಪಣಂಬೂರಲ್ಲಿರೋ ನವಮಂಗಳೂರು ಬಂದರಿಗೆ ಸುಮಾರು 350 ಕಿ.ಮೀ., ಚೆನ್ನೈ ಬಂದರಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಮಂಗಳೂರು ನಮ್ಮ ರಾಜ್ಯದ ಒಂದೇ ಒಂದು ಮೇಜರ್ ಪೋರ್ಟ್, ಅಂದ್ರೆ ಕೇಂದ್ರದ ಕೈಕೆಳಗಿರೋ ದೊಡ್ಡ ಬಂದರು, 1974ರಲ್ಲಿ ದೇಶದ ಒಂಬತ್ತನೇ ಮೇಜರ್ ಪೋರ್ಟ್ ಅಂತ ಘೋಷಣೆ ಆಗಿದ್ದು. ಹಾಗಿದ್ರೂ ಪೀಣ್ಯದಿಂದ, ಬೊಮ್ಮಸಂದ್ರದಿಂದ, ನರಸಾಪುರದಿಂದ ಹೊರಡೋ ಕಂಟೇನರ್‌ಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ತಿರುಗಿ ಚೆನ್ನೈಗೇ ಹೋಗ್ತವೆ, ಉತ್ತರ ಕರ್ನಾಟಕದ ಮಾಲು ಮುಂಬೈ ಪಕ್ಕದ ನವಾ ಶೇವಾಗೆ ಹೋಗುತ್ತೆ. ಮಂಗಳೂರಿನ ಡಾಕ್‌ನಲ್ಲಿ ಎಣ್ಣೆ, ಎಲ್‌ಪಿಜಿ, ಕಲ್ಲಿದ್ದಲು, ಅದಿರಿನ ಉಂಡೆ ಇವುಗಳದ್ದೇ ದರ್ಬಾರು. ಕಂಟೇನರ್ ಲೆಕ್ಕ ತಗೊಂಡ್ರೆ 20 ಅಡಿ ಡಬ್ಬಿ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ 1.5ರಿಂದ 2 ಲಕ್ಷದ ಆಸುಪಾಸು, ನವಾ ಶೇವಾದಲ್ಲಿ 2023-24ರಲ್ಲೇ 60 ಲಕ್ಷ ದಾಟಿದೆ.

ಇದು ಯಾಕೆ ಹೀಗೆ ಅಂತ ಅರ್ಥ ಮಾಡ್ಕೊಂಡ್ರೆ, ರಾಜ್ಯವೊಂದರ ವಿದೇಶಿ ವ್ಯಾಪಾರದ ಪ್ಲಾನಿಗೂ ಸರಕು ಸಾಗಣೆಯ ಪ್ಲಾನಿಗೂ ನಡುವೆ ಏನು ಕೊಂಡಿ ಇರ್ಬೇಕು, ಅದು ಎಲ್ಲಿ ಕಳಚಿದೆ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೊದಲು ಯಾರ ಕೈಯಲ್ಲಿ ಏನಿದೆ ನೋಡೋಣ. ರಫ್ತು ಹೆಚ್ಚಿಸೋ ಕೆಲಸ ನಮ್ಮಲ್ಲಿ ಕೈಗಾರಿಕಾ ಇಲಾಖೆದು, ಅದರ ಕೆಳಗೆ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಅಂದ್ರೆ ವಿಟಿಪಿಸಿ ಇದೆ, ಅವರು ರಫ್ತುದಾರರಿಗೆ ಟ್ರೈನಿಂಗ್ ಕೊಡ್ತಾರೆ, ಮೇಳಗಳಿಗೆ ಕರ್ಕೊಂಡು ಹೋಗ್ತಾರೆ. ರಾಜ್ಯದ ರಸ್ತೆ ಲೋಕೋಪಯೋಗಿ ಇಲಾಖೆದು. ಸಣ್ಣ ಬಂದರು ಮ್ಯಾರಿಟೈಮ್ ಬೋರ್ಡ್‌ದು. ಇಂಡಸ್ಟ್ರಿಯಲ್ ಏರಿಯಾ ಕೆಐಎಡಿಬಿ, ಅಂದ್ರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿದು. ಇನ್ನು ಸಂವಿಧಾನದ ಪ್ರಕಾರ ರೈಲ್ವೆ, ರಾಷ್ಟ್ರೀಯ ಹೆದ್ದಾರಿ, ಮೇಜರ್ ಪೋರ್ಟ್, ಕಸ್ಟಮ್ಸ್, ವಿದೇಶಿ ವ್ಯಾಪಾರ ಇವೆಲ್ಲ ಕೇಂದ್ರದ ಪಟ್ಟಿಯಲ್ಲಿವೆ. ಹಾಗಾಗಿ ಒಂದು ಇಲಾಖೆ ರಫ್ತು ಇಷ್ಟು ಕೋಟಿ ಡಾಲರ್ ಆಗ್ಬೇಕು ಅಂತ ಟಾರ್ಗೆಟ್ ಬರೆಯುತ್ತೆ, ಇನ್ನೊಂದು ಇಲಾಖೆ ಇಷ್ಟು ಕಿ.ಮೀ. ರಸ್ತೆ ಮಾಡ್ತೀವಿ ಅಂತ ಬರೆಯುತ್ತೆ, ಆದ್ರೆ ಆ ಡಾಲರ್ ಆ ರಸ್ತೆ ಮೇಲೆ ಹೋಗುತ್ತಾ ಅಂತ ಕೇಳೋ ಜವಾಬ್ದಾರಿ ಯಾರ ಹೆಸರಲ್ಲೂ ಇಲ್ಲ.

ಈಗ ಮಾಲಿನ ಕಡೆಗೆ ಬರೋಣ, ಯಾಕಂದ್ರೆ ಇಡೀ ವಿಷಯದ ತಿರುಳು ಅಲ್ಲೇ ಇರೋದು. ರಫ್ತು ಅಂತ ನಾವು ಒಂದೇ ಪದದಲ್ಲಿ ಹೇಳಿಬಿಡ್ತೀವಿ, ಆದ್ರೆ ಒಂದೊಂದು ಮಾಲೂ ಒಂದೊಂದು ತರದ ದಾರಿ ಕೇಳುತ್ತೆ. ಅದನ್ನ ತೀರ್ಮಾನ ಮಾಡೋದು ಮುಖ್ಯವಾಗಿ ಎರಡು ವಿಷಯ: ಕೆಜಿಗೆ ಎಷ್ಟು ಬೆಲೆ, ಮತ್ತೆ ಎಷ್ಟು ದಿನ ಕಾಯಬಲ್ಲದು. ಗುಲಾಬಿ ಹೂ ಗಂಟೆ ಲೆಕ್ಕದಲ್ಲಿ ಹಾಳಾಗುತ್ತೆ, ಅದಕ್ಕೆ ಬೇಕಾಗಿರೋದು ತೋಟದಿಂದ ಏರ್‌ಪೋರ್ಟ್ ತನಕ ತಣ್ಣಗಿರೋ ವಾಹನ, ಏರ್‌ಪೋರ್ಟ್ ಒಳಗೆ ತಣ್ಣಗಿರೋ ಗೋಡೌನು, ಮಧ್ಯರಾತ್ರಿಯಲ್ಲೂ ಕೆಲಸ ಮಾಡೋ ಕಸ್ಟಮ್ಸು ಮತ್ತೆ ಗಿಡದ ರೋಗ ತಪಾಸಣೆ ಮಾಡೋ ಅಧಿಕಾರಿ. ಐಫೋನ್ ಹಾಳಾಗಲ್ಲ, ಆದ್ರೆ ಒಂದು ಪೆಟ್ಟಿಗೆಯಲ್ಲೇ ಲಕ್ಷಾಂತರ ರೂಪಾಯಿ ಕೂತಿರುತ್ತೆ, ಅಷ್ಟು ದುಡ್ಡನ್ನ ಒಂದು ತಿಂಗಳು ಹಡಗಲ್ಲಿ ಇಡೋಕೆ ಯಾರೂ ಒಪ್ಪಲ್ಲ, ಅದಕ್ಕೇ ಅದೂ ವಿಮಾನವೇ ಹತ್ತುತ್ತೆ. ದೇವನಹಳ್ಳಿಯ ಫಾಕ್ಸ್‌ಕಾನ್ ಫ್ಯಾಕ್ಟರಿ ಏರ್‌ಪೋರ್ಟ್ ಹತ್ತಿರ ಇರೋದನ್ನ ಈ ಲೆಕ್ಕದಲ್ಲೇ ನೋಡ್ಬೇಕು. ಕೆಂಪೇಗೌಡ ಏರ್‌ಪೋರ್ಟ್ 2008ರಲ್ಲಿ ಶುರುವಾಗಿದ್ದು, 2024-25ರಲ್ಲಿ ಅದರ ಕಾರ್ಗೋ ವರ್ಷಕ್ಕೆ 5 ಲಕ್ಷ ಟನ್ ಮುಟ್ಟಿದೆ, ಬೇಗ ಕೆಡೋ ಮಾಲಿನ ರಫ್ತಲ್ಲಿ ದೇಶದ ಮುಂಚೂಣಿಯ ಏರ್‌ಪೋರ್ಟ್ ಅದು. ಇಲ್ಲಿ ವ್ಯಾಪಾರ ಮತ್ತೆ ಸಾಗಣೆ ಒಟ್ಟಿಗೆ ಬೆಳೆದಿವೆ, ಒಪ್ಪಿಕೊಳ್ಳಬೇಕು.

ಕಾಫಿ ಬೇರೆ ತರ. ದೇಶದ ಕಾಫಿಯಲ್ಲಿ ಸುಮಾರು 70% ಕೊಡಗು, ಚಿಕ್ಕಮಗಳೂರು, ಹಾಸನದ್ದು, ಬೆಳೆದಿದ್ರಲ್ಲಿ ದೊಡ್ಡ ಪಾಲು ಹೊರದೇಶಕ್ಕೇ ಹೋಗುತ್ತೆ, ಇಟಲಿ ಹಳೇ ಗಿರಾಕಿ. ಬೀಜ ತಿಂಗಳುಗಟ್ಟಲೆ ಕಾಯುತ್ತೆ, ಆದ್ರೆ ಹಡಗು ಕಾಯಲ್ಲ. ಬೀಜ ಸುಲಿದು ವಿಂಗಡಿಸೋ ಕ್ಯೂರಿಂಗ್ ವರ್ಕ್ಸಲ್ಲಿ ಮೂಟೆ ತುಂಬಿದ ಕಂಟೇನರ್ ಹಡಗಿನ ಕಟ್‌ಆಫ್, ಅಂದ್ರೆ ಮಾಲು ತಗೊಳ್ಳೋ ಕೊನೇ ಗಡುವಿನ ಒಳಗೆ ಬಂದರಿನ ಗೇಟ್ ಒಳಗೆ ಹೋಗಿರ್ಬೇಕು, ತಪ್ಪಿದ್ರೆ ಮುಂದಿನ ಹಡಗು ಒಂದು ವಾರಕ್ಕೋ ಹತ್ತು ದಿನಕ್ಕೋ, ಅಲ್ಲಿ ತನಕ ಕಂಟೇನರ್ ಬಾಡಿಗೆ, ನಿಲುಗಡೆ ಶುಲ್ಕ ಎಲ್ಲ ರಫ್ತುದಾರನ ತಲೆ ಮೇಲೆ, ಆ ಕಡೆ ಬೀಜಕ್ಕಾಗಿ ಕಾಯ್ತಾ ಇರೋ ಗಿರಾಕಿ ವಿಯೆಟ್ನಾಂ ಕಡೆ ತಿರುಗಿ ನೋಡೋಕೆ ಶುರು ಮಾಡ್ತಾನೆ. ಹಾಗಾಗಿ ಕಾಫಿಗೆ ಬೇಕಾಗಿರೋದು ವೇಗ ಅಲ್ಲ, ಭರವಸೆ. ಇವತ್ತು ಹೊರಟ ಗಾಡಿ ನಾಳೆ ಮುಟ್ಟುತ್ತೆ ಅನ್ನೋ ಗ್ಯಾರಂಟಿ.

ಮಿಡಿಸೌತೆ, ಅದೇ ಗರ್ಕಿನ್, ಇನ್ನೂ ಬೇರೆ. ನಮ್ಮ ಊರುಗಳಲ್ಲಿ ಅದನ್ನ ತಿನ್ನೋರೇ ಇಲ್ಲ, ರೈತರು ಕಂಪನಿಗಳ ಜೊತೆ ಕರಾರು ಮಾಡ್ಕೊಂಡು ಬೆಳೀತಾರೆ, ಮೂರು ತಿಂಗಳ ಬೆಳೆ. 2020-21ರಲ್ಲಿ ದೇಶದ ಗರ್ಕಿನ್ ರಫ್ತು 20 ಕೋಟಿ ಡಾಲರ್ ದಾಟಿತ್ತು, ಆ ಬೆಳೆಯ ಮೂಲ ನೆಲೆಯೇ ಕರ್ನಾಟಕ, 1990ರ ದಶಕದ ಶುರುವಲ್ಲಿ ಇಲ್ಲಿಂದಲೇ ಹಬ್ಬಿದ್ದು. ಆದ್ರೆ ಡ್ರಮ್ಮಲ್ಲಿ ಕಾಯಿ ಜೊತೆ ಹೋಗೋದು ಉಪ್ಪುನೀರು ಅಥವಾ ವಿನೆಗರ್, ತೂಕ ಜಾಸ್ತಿ, ಕೆಜಿಗೆ ಬೆಲೆ ಕಮ್ಮಿ. ಇಂಥ ಮಾಲಿಗೆ ಲಾರಿ ಬಾಡಿಗೆ ಸ್ವಲ್ಪ ಏರಿದ್ರೂ ಲಾಭ ಕರಗಿ ಹೋಗುತ್ತೆ, ಕೊನೆಗೆ ಆ ಒತ್ತಡ ಬಂದು ನಿಲ್ಲೋದು ಕಾಯಿ ಕೊಯ್ಯೋ ರೈತನಿಗೆ ಸಿಗೋ ರೇಟ್ ಮೇಲೆ. ಸಾಗಣೆ ಖರ್ಚು ಅಂದ್ರೆ ಇಂಜಿನಿಯರ್‌ಗಳ ವಿಷಯ ಅಂತ ಅಂದ್ಕೊಳ್ಳೋರು ಇದನ್ನ ಒಮ್ಮೆ ಯೋಚನೆ ಮಾಡ್ಬೇಕು.

ಹಾಗಾದ್ರೆ ಮಂಗಳೂರಿಗೆ ಯಾಕೆ ಹೋಗಲ್ಲ? ಮಧ್ಯದಲ್ಲಿ ಪಶ್ಚಿಮ ಘಟ್ಟ ಇದೆ. ಘಟ್ಟ ಇಳಿಯೋಕೆ ಭಾರಿ ಗಾಡಿಗಳಿಗೆ ನಿಜವಾಗಿ ಉಪಯೋಗಕ್ಕೆ ಬರೋ ದಾರಿ ಶಿರಾಡಿ ಘಾಟಿ ಒಂದೇ, ಚಾರ್ಮಾಡಿ, ಸಂಪಾಜೆ ಇವೆ ಆದ್ರೆ ಉದ್ದದ ಟ್ರೇಲರ್‌ಗೆ ಆ ತಿರುವುಗಳು ಕಷ್ಟ.

2018ರಲ್ಲಿ ಏನಾಯ್ತು ನೋಡಿ. ಶಿರಾಡಿಯ ಎರಡನೇ ಹಂತದ ಕಾಂಕ್ರೀಟ್ ಕೆಲಸಕ್ಕೆ ಅಂತ ಜನವರಿಯಲ್ಲಿ ರಸ್ತೆ ಬಂದ್ ಮಾಡಿದ್ರು, ಜುಲೈ ಮಧ್ಯದಲ್ಲಿ ತೆಗೆದ್ರು, ಆಗಸ್ಟಲ್ಲಿ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್, ಭಾರಿ ವಾಹನಗಳಿಗೆ ಮತ್ತೆ ತಿಂಗಳುಗಟ್ಟಲೆ ದಾರಿ ಇಲ್ಲ. ಅದೇ ಆಗಸ್ಟಲ್ಲಿ ಮಡಿಕೇರಿ-ಸಂಪಾಜೆ ರಸ್ತೆಯೂ ಕುಸಿದು ಹೋಯ್ತು, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಹಳಿ ಮೇಲೂ ಗುಡ್ಡ ಬಂದು ಕೂತು ರೈಲೂ ನಿಂತಿತು. ಮಳೆಗಾಲದಲ್ಲಿ ಕಾಂಕ್ರೀಟ್ ಹಾಕೋಕಾಗಲ್ಲ, ಬೇಸಿಗೆಯಲ್ಲೇ ಮಾಡ್ಬೇಕು, ಅದು ಸರಿ. ಆದ್ರೆ ಜನವರಿಯಿಂದ ಜೂನ್ ತನಕದ ಆ ತಿಂಗಳುಗಳೇ ಹೊಸ ಕಾಫಿ ಬಂದರಿಗೆ ಹೋಗೋ ಕಾಲ ಕೂಡ. ರಸ್ತೆ ಕೆಲಸದ ಕ್ಯಾಲೆಂಡರೂ ರಫ್ತಿನ ಕ್ಯಾಲೆಂಡರೂ ಒಂದೇ ಟೇಬಲ್ ಮೇಲೆ ಇದ್ದಿದ್ರೆ ಕಡೇ ಪಕ್ಷ ಬಂದ್ ಆಗೋ ಮುಂಚೆ ಹಾಸನದಿಂದ ಕಂಟೇನರ್ ರೈಲು ಓಡಿಸೋ ವ್ಯವಸ್ಥೆ ಬಗ್ಗೆಯೋ ರಸ್ತೆಯ ಅರ್ಧ ಭಾಗ ಮಾತ್ರ ಮುಚ್ಚೋ ಬಗ್ಗೆಯೋ ಕೂತು ಮಾತಾಡೋಕೆ ಒಂದು ಜಾಗ ಇರ್ತಿತ್ತು. 2024ರ ಜುಲೈಯಲ್ಲೂ ಶಿರಾಡಿಯಲ್ಲಿ ಮಣ್ಣು ಕುಸೀತು, ರೈಲು ಹಳಿಯ ಕೆಳಗಿನ ಮಣ್ಣೂ ಜಾರಿ ಹೋಯ್ತು, ಮತ್ತೆ ಎರಡೂ ದಾರಿ ಒಟ್ಟಿಗೆ. ರಸ್ತೆ ಮತ್ತೆ ರೈಲು ಒಂದೇ ಕಣಿವೆಯ ಆಸುಪಾಸಲ್ಲಿ ಇಳಿಯೋದ್ರಿಂದ ಒಂದು ಕೈಕೊಟ್ರೆ ಇನ್ನೊಂದು ಇದೆ ಅನ್ನೋ ಹಾಗೇ ಇಲ್ಲ, ಅದೇ ಮಳೆ ಎರಡನ್ನೂ ಹೊಡೆಯುತ್ತೆ. ಪರ್ಯಾಯ ದಾರಿ ಅಂದ್ರೆ ಮ್ಯಾಪಲ್ಲಿ ಎರಡು ಗೆರೆ ಇದ್ರೆ ಸಾಲದು, ಎರಡಕ್ಕೂ ಬರೋ ಅಪಾಯ ಬೇರೆಬೇರೆ ಆಗಿರ್ಬೇಕು.

ಆ ರೈಲು ದಾರಿಯ ಕಥೆಯನ್ನೂ ಹೇಳಿಬಿಡ್ತೀನಿ. ಹಾಸನ-ಮಂಗಳೂರು ಮೀಟರ್ ಗೇಜ್ 1979ರಲ್ಲಿ ಮುಗೀತು, 1990ರ ದಶಕದಲ್ಲಿ ಬ್ರಾಡ್ ಗೇಜ್ ಮಾಡ್ತೀವಿ ಅಂತ ನಿಲ್ಲಿಸಿದ್ರು, ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ., 57 ಸುರಂಗ, ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ ಹತ್ತಬೇಕು. ಕಾರಿಗೆ ಇದು ಏನೂ ಅಲ್ಲ, ಗೂಡ್ಸ್ ರೈಲಿಗೆ ಇದು ಗೋಡೆ. ಹಿಂದೆ ಎಕ್ಸ್‌ಟ್ರಾ ಇಂಜಿನ್ ಹಾಕ್ಬೇಕು, ನಿಧಾನ ಹೋಗ್ಬೇಕು, ಸಿಂಗಲ್ ಲೈನು, ದಿನಕ್ಕೆ ಇಷ್ಟೇ ಗಾಡಿ ಅನ್ನೋ ಮಿತಿ.

ದಾರಿ ಹೀಗಿರೋವಾಗ ಶಿಪ್ಪಿಂಗ್ ಲೈನ್‌ಗಳು ಏನು ಮಾಡ್ತವೆ? ದೊಡ್ಡ ಹಡಗು ಒಂದು ಬಂದರಿಗೆ ಬರ್ಬೇಕಾದ್ರೆ ಒಂದೇ ಸಲಕ್ಕೆ ಸಾಕಷ್ಟು ಡಬ್ಬಿ ಸಿಗ್ಬೇಕು. ಮಂಗಳೂರಲ್ಲಿ ಅಷ್ಟು ಸಿಗಲ್ಲ, ಅದಕ್ಕೆ ಹೆಚ್ಚಾಗಿ ಸಣ್ಣ ಫೀಡರ್ ಹಡಗು ಬರ್ತವೆ, ಕೊಲಂಬೋದಂಥ ಕಡೆ ಡಬ್ಬಿ ಇಳಿಸಿ ದೊಡ್ಡ ಹಡಗಿಗೆ ಹತ್ತಿಸ್ತಾರೆ, ದಿನ ಜಾಸ್ತಿ ಆಗುತ್ತೆ. ದಿನ ಜಾಸ್ತಿ ಅಂತ ರಫ್ತುದಾರ ಚೆನ್ನೈಗೆ ಹೋಗ್ತಾನೆ, ಅವನು ಹೋದ ಅಂತ ಮಂಗಳೂರಲ್ಲಿ ಡಬ್ಬಿ ಕಮ್ಮಿ, ಡಬ್ಬಿ ಕಮ್ಮಿ ಅಂತ ಹಡಗು ಕಮ್ಮಿ. ಇದರ ಜೊತೆಗೆ ಖಾಲಿ ಕಂಟೇನರ್ ಸಮಸ್ಯೆ ಬೇರೆ. ಡಬ್ಬಿಗಳು ಖಾಲಿ ಆಗೋದು ಆಮದು ಆದ ಕಡೆ, ಆಮದು ಮಾಲು ಹೆಚ್ಚು ಬರೋದು ಬೆಂಗಳೂರು ಸುತ್ತ, ಅದೂ ಚೆನ್ನೈ ಮೂಲಕ. ಆದ್ರೆ ಡಬ್ಬಿ ಬೇಕಾಗಿರೋದು ಹಾಸನದ, ಕುಶಾಲನಗರದ ಕಾಫಿಗೆ. ಮಂಗಳೂರಿಂದ ಖಾಲಿ ಡಬ್ಬಿಯನ್ನ ಘಟ್ಟ ಹತ್ತಿಸಿ ತುಂಬಿಸಿ ಮತ್ತೆ ಇಳಿಸೋ ಖರ್ಚು ಯಾರು ಕೊಡ್ಬೇಕು? ರಫ್ತಿನ ಪ್ಲಾನ್ ಬರೆಯೋವಾಗ ಆಮದನ್ನೂ ನೋಡ್ಬೇಕು ಅನ್ನೋದು ಇದಕ್ಕೇ, ಎರಡು ಕಡೆಗೂ ತುಂಬಿದ ಗಾಡಿ ಓಡಿದ್ರೇನೇ ಬಾಡಿಗೆ ಇಳಿಯೋದು.

ಚೆನ್ನೈ ದಾರಿ ಸುಲಭ ಆಗಿದ್ದಕ್ಕೆ ಹಳೇ ಕಾರಣ ಇದೆ. ದೇಶದ ಮೊದಲ ಇನ್‌ಲ್ಯಾಂಡ್ ಕಂಟೇನರ್ ಡಿಪೋ ಬೆಂಗಳೂರಲ್ಲೇ 1981ರಲ್ಲಿ ಶುರುವಾಯ್ತು, ಈಗ ವೈಟ್‌ಫೀಲ್ಡಲ್ಲಿ ರೈಲ್ವೆಯ ಕಂಟೇನರ್ ಸಂಸ್ಥೆ ಕಾನ್‌ಕಾರ್ ನಡೆಸ್ತಿರೋ ಡಿಪೋಗೆ ಆ ಪರಂಪರೆ ಇದೆ. ಅಲ್ಲೇ ಕಸ್ಟಮ್ಸ್ ಮುಗಿಸಿ ಸೀಲ್ ಹಾಕಿ ರೈಲಿಗೆ ಹತ್ತಿಸಿದ್ರೆ ಸಮತಟ್ಟು ಹಾದೀಲಿ ಚೆನ್ನೈ. ಈಗ ಹೊಸಕೋಟೆಯಿಂದ ಶ್ರೀಪೆರಂಬದೂರ್ ತನಕದ ಎಕ್ಸ್‌ಪ್ರೆಸ್‌ವೇ ಕೂಡ ಸೇರ್ಕೊಳ್ತಿದೆ, ನಮ್ಮ ರಾಜ್ಯದ ಭಾಗದಲ್ಲಿ ಗಾಡಿ ಓಡೋಕೆ ಶುರುವೂ ಆಗಿದೆ. ಆದ್ರೆ ಚೆನ್ನೈ ಊರೊಳಗೆ ಬಂದರಿನ ಗೇಟ್ ತನಕದ ಕೊನೇ 20 ಕಿ.ಮೀ. ಇದೆಯಲ್ಲ, ಅದೇ ಗಂಟಲು. ಬಂದರಿಂದ ಮದುರವಾಯಲ್ ತನಕ ಎತ್ತರದ ರಸ್ತೆ ಮಾಡ್ಬೇಕು ಅಂತ 2009ರಲ್ಲಿ ಅಡಿಗಲ್ಲು ಹಾಕಿದ್ರು, 2012ರಲ್ಲಿ ಕೆಲಸ ನಿಂತಿತು, ಎರಡು ಅಂತಸ್ತಿನ ರಸ್ತೆ ಅಂತ ಪ್ಲಾನ್ ಬದಲಿಸಿ 2022ರಲ್ಲಿ ಮತ್ತೆ ಅಡಿಗಲ್ಲು. ಕೋಲಾರದ ಫ್ಯಾಕ್ಟರಿ ಮಾಲಿಗೆ ಈ ರಸ್ತೆ ನಮ್ಮದೇ ಎಷ್ಟೋ ಹೆದ್ದಾರಿಗಿಂತ ಮುಖ್ಯ. ಆದ್ರೂ ನಮ್ಮ ವಿಧಾನಸಭೆಯಲ್ಲಿ ಅದರ ಬಗ್ಗೆ ಯಾರು ಮಾತಾಡ್ತಾರೆ? ರಾಜ್ಯದ ವ್ಯಾಪಾರದ ದಾರಿ ರಾಜ್ಯದ ಗಡಿಯಲ್ಲಿ ಮುಗಿಯಲ್ಲ. ಪಕ್ಕದ ರಾಜ್ಯದ ಜೊತೆ ಕಾವೇರಿ ಬಗ್ಗೆ ಮಾತ್ರ ಅಲ್ಲ, ಬಂದರಿನ ಗೇಟ್ ಬಗ್ಗೆಯೂ ಕೂತು ಮಾತಾಡ್ಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಕೊಂಡಿ ಹಾಕೋದು ಅಂದ್ರೆ ಕಣ್ಣು ಮುಚ್ಚಿ ಹಾಕೋದೂ ಅಲ್ಲ, ಅದಕ್ಕೆ ಕುದುರೆಮುಖ ಸಾಕ್ಷಿ. ವ್ಯಾಪಾರ ಮತ್ತೆ ಸಾಗಣೆಯನ್ನ ಪೂರ್ತಿ ಒಂದೇ ಪ್ಲಾನಲ್ಲಿ ಕಟ್ಟಿದ ಯೋಜನೆ ಅದು. 1975ರಲ್ಲಿ ಇರಾನ್ ಜೊತೆ ಒಪ್ಪಂದ ಆಯ್ತು, ಅವರು ಸಾಲ ಕೊಡೋದು, ನಾವು ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ಕಳಿಸೋದು. ಗಣಿ, ಅಲ್ಲಿಂದ ಘಟ್ಟ ಇಳಿಯೋ 67 ಕಿ.ಮೀ. ಪೈಪ್‌ಲೈನು, ನೀರಲ್ಲಿ ಕಲಸಿದ ಅದಿರು ಅದರಲ್ಲಿ ಹರಿದು ಮಂಗಳೂರಿಗೆ ಬರೋದು, ಅಲ್ಲಿ ಬಂದರಲ್ಲಿ ಹಡಗಿಗೆ ಹತ್ತೋದು, ಎಲ್ಲ ಒಟ್ಟಿಗೆ ಪ್ಲಾನ್ ಆಯ್ತು. ಲಾರಿ ಇಲ್ಲ, ಧೂಳಿಲ್ಲ, ಶಿರಾಡಿ ಬಂದ್ ಆದ್ರೂ ಚಿಂತೆ ಇಲ್ಲ. ಆದ್ರೆ 1979ರಲ್ಲಿ ಇರಾನಲ್ಲಿ ಕ್ರಾಂತಿ ಆಗಿ ಗಿರಾಕಿಯೇ ಇಲ್ಲದ ಹಾಗಾಯ್ತು. ಆಮೇಲೆ ಮಂಗಳೂರಲ್ಲಿ ಅದಿರು ಉಂಡೆ ಮಾಡೋ ಪ್ಲಾಂಟ್ ಕಟ್ಟಿ, 1987ರಲ್ಲಿ ಅದು ಶುರುವಾಗಿ, ಬೇರೆ ದೇಶದ ಗಿರಾಕಿಗಳನ್ನ ಹುಡುಕಿಕೊಂಡ್ರು. ಕಾಡಿನ ಮಧ್ಯದ ಗಣಿಗೆ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ 2005ರ ಕೊನೆಗೆ ಬೀಗ ಬಿತ್ತು. ಪೈಪ್‌ಲೈನ್ ಬೇರೆ ಏನನ್ನೂ ಸಾಗಿಸಲ್ಲ, ರಸ್ತೆ ಆದ್ರೆ ಸಾಗಿಸುತ್ತೆ. ಒಬ್ಬನೇ ಗಿರಾಕಿ, ಒಂದೇ ಮಾಲು ನಂಬ್ಕೊಂಡು ದುಡ್ಡು ಹಾಕೋವಾಗ ಈ ವ್ಯತ್ಯಾಸ ತಲೆಯಲ್ಲಿರ್ಬೇಕು.

ಇದಕ್ಕೆ ಪೂರ್ತಿ ಉಲ್ಟಾ ಬಳ್ಳಾರಿ. ಅಲ್ಲಿ ವ್ಯಾಪಾರ ಮೊದಲು ಬಂತು, ಚೀನಾದ ಬೇಡಿಕೆ 2000ದ ದಶಕದಲ್ಲಿ ಏಕ್‌ದಂ ಏರಿತು, ದಾರಿ ಬಗ್ಗೆ ಯಾರೂ ಯೋಚನೆ ಮಾಡಿರ್ಲಿಲ್ಲ. ಹೊಸಪೇಟೆಯಿಂದ ಹುಬ್ಬಳ್ಳಿ ಮೂಲಕ ಅಂಕೋಲಾ ತನಕ ಹೆದ್ದಾರಿ ತುಂಬ ಅದಿರಿನ ಲಾರಿ, ಅರಬೈಲ್ ಘಟ್ಟದಲ್ಲಿ ಸಾಲುಸಾಲು, ರಸ್ತೆ ಕಿತ್ತು ಹೋಯ್ತು, ಊರೂರಿಗೆ ಕೆಂಪು ಧೂಳು. ಎಷ್ಟು ಅದಿರು ಎಲ್ಲಿಂದ ಹೊರಟು ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕವೇ ಸಿಗದ ಹಾಗಾಯ್ತು, ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆ ಆಯ್ತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕ್ತು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸ್ತು. ಇಲ್ಲಿ ಒಂದು ಮಾತು ಗಮನಿಸಿ, ಸಾಗಣೆಯ ಲೆಕ್ಕ ಸರಿಯಾಗಿ ಇಟ್ಟಿದ್ರೆ ಅಕ್ರಮವನ್ನ ಹಿಡಿಯೋದೂ ಸುಲಭ ಆಗ್ತಿತ್ತು.

ಲೆಕ್ಕ ಇಡೋಕೆ ಈಗ ಸಾಧನ ಇವೆ, ಅದೇ ನನಗೆ ಆಸೆ ಹುಟ್ಟಿಸೋ ವಿಷಯ. 2018ರ ಏಪ್ರಿಲಿಂದ ಇ-ವೇ ಬಿಲ್, ಅಂದ್ರೆ ಮಾಲು ಸಾಗಿಸೋಕೆ ಬೇಕಾದ ಆನ್‌ಲೈನ್ ಚೀಟಿ ಬಂತು, ರಾಜ್ಯದ ಒಳಗಿನ ಸಾಗಣೆಗೂ ಅದನ್ನ ಮೊದಲ ದಿನದಿಂದ್ಲೇ ತಂದಿದ್ದು ಕರ್ನಾಟಕ. 2020ರಿಂದ ಶಿಪ್ಪಿಂಗ್ ಬಿಲ್‌ನಲ್ಲಿ, ಅಂದ್ರೆ ರಫ್ತುದಾರ ಕಸ್ಟಮ್ಸ್‌ಗೆ ಕೊಡೋ ಪತ್ರದಲ್ಲಿ, ಮಾಲು ಹುಟ್ಟಿದ ರಾಜ್ಯ, ಜಿಲ್ಲೆ ಎರಡನ್ನೂ ಬರೀಬೇಕು. ಟೋಲ್‌ನಲ್ಲಿ ಫಾಸ್ಟ್ಯಾಗ್ ಇದೆ. ಇವನ್ನೆಲ್ಲ ಜೋಡಿಸಿದ್ರೆ ಹಾಸನದ ಕಾಫಿ ಯಾವ ತಿಂಗಳು ಎಷ್ಟು ಟನ್ ಯಾವ ಬಂದರಿಗೆ ಎಷ್ಟು ದಿನದಲ್ಲಿ ಹೋಯ್ತು, ತುಮಕೂರಿನ ಮಿಡಿಸೌತೆ ಎಲ್ಲಿ ಕಾದು ನಿಂತಿತ್ತು ಅಂತ ಹೆಸರು ಬಯಲಾಗದ ಹಾಗೆ ನಕ್ಷೆ ಮಾಡ್ಬಹುದು. ಒಂದೊಂದು ಮಾಲಿಗೂ ಒಂದೊಂದು ಪುಟ: ಎಲ್ಲಿ ಹುಟ್ಟುತ್ತೆ, ಯಾವ ಕಾಲದಲ್ಲಿ, ಎಷ್ಟು ಬೆಲೆ, ಎಷ್ಟು ಕಾಯುತ್ತೆ, ಯಾವ ದಾರಿ, ಎಲ್ಲಿ ಸಿಕ್ಕಿಹಾಕೊಳ್ಳುತ್ತೆ. ಆ ಪುಟದ ಕೊನೇ ಸಾಲೇ ಲೋಕೋಪಯೋಗಿ ಇಲಾಖೆಯ ಕೆಲಸದ ಪಟ್ಟಿಯ ಮೊದಲ ಸಾಲಾಗ್ಬೇಕು.

ದುಡ್ಡನ್ನೂ ಹೀಗೆ ಕಟ್ಟಿ ಹಾಕಬಹುದು. 2002ರಲ್ಲಿ ಕೇಂದ್ರ ಅಸೈಡ್ ಅಂತ ಒಂದು ಸ್ಕೀಮ್ ತಂದಿತ್ತು, ರಾಜ್ಯಗಳಿಗೆ ರಫ್ತಿನ ಸಾಧನೆ ನೋಡಿ ಮೂಲಸೌಕರ್ಯಕ್ಕೆ ದುಡ್ಡು ಕೊಡೋದು. ರಫ್ತು ಹೆಚ್ಚಿದ್ರೆ ರಸ್ತೆಗೆ ದುಡ್ಡು ಹೆಚ್ಚು, ಕೊಂಡಿ ನೇರವಾಗಿತ್ತು. 2015ರಲ್ಲಿ ಅದಕ್ಕೆ ಕೇಂದ್ರದ ನೆರವು ನಿಂತಿತು, 2017ರಲ್ಲಿ ಟೈಸ್ ಅಂತ ಚಿಕ್ಕ ಸ್ಕೀಮ್ ಬಂತು. ಅಮೆರಿಕದಲ್ಲಿ 2015ರ ಫಾಸ್ಟ್ ಕಾಯ್ದೆಯ ಪ್ರಕಾರ ಸರಕು ಸಾಗಣೆಗೆ ಮೀಸಲಿಟ್ಟ ಹೆದ್ದಾರಿ ದುಡ್ಡು ಬೇಕಾದ್ರೆ ರಾಜ್ಯ ತನ್ನದೇ ಸರಕು ಸಾಗಣೆ ಪ್ಲಾನ್ ಬರೆದಿರ್ಲೇಬೇಕು, ಬಂದರಿನವರು, ರೈಲಿನವರು, ಮಾಲು ಕಳಿಸೋರು, ಲಾರಿಯವರು ಕೂತು ಸಲಹೆ ಕೊಡೋ ಸಮಿತಿ ಇರ್ಲಿ ಅಂತಲೂ ಆ ಕಾಯ್ದೆ ಹೇಳುತ್ತೆ. ನಮ್ಮಲ್ಲೂ ಬೇರೆಬೇರೆ ಇಲಾಖೆಗಳ ಮೂಲಸೌಕರ್ಯದ ಪ್ಲಾನ್‌ಗಳನ್ನ ಒಟ್ಟುಗೂಡಿಸೋ ಕೇಂದ್ರದ 2021ರ ಗತಿಶಕ್ತಿ ಯೋಜನೆ, 2022ರ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂದ ಮೇಲೆ ನಕ್ಷೆಗಳು ಒಂದಾಗ್ತಿವೆ, ದಾಬಸ್‌ಪೇಟೆ ಹತ್ತಿರ 400 ಎಕರೆಯಲ್ಲಿ ಲಾಜಿಸ್ಟಿಕ್ಸ್ ಪಾರ್ಕ್ ಬರ್ತಿದೆ. ಆದ್ರೆ ಆ ಪಾರ್ಕಿಂದ ಹೊರಡೋ ಡಬ್ಬಿ ಯಾವ ಬಂದರಿಗೆ ಅನ್ನೋದು ಮೇಲೆ ಹೇಳಿದ ಪುಟಗಳಲ್ಲಿ ಮೊದಲು ತೀರ್ಮಾನ ಆಗ್ಬೇಕು.

ಬರೀ ದಾರಿ ಸರಿ ಇದ್ರೂ ಸಾಲದು ಅನ್ನೋದಕ್ಕೆ ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿ ಇದೆ. ಅದನ್ನ ಇಲ್ಲಿ ಹೆಚ್ಚು ತಿನ್ನಲ್ಲ, ಮಲೇಷ್ಯಾ, ಸಿಂಗಾಪುರ ಕಡೆ ಹೋಗೋದು, ಹತ್ತಿರದ ಚೆನ್ನೈ ಬಂದರು, ಸಮತಟ್ಟು ರಸ್ತೆ. 2023ರ ಆಗಸ್ಟಲ್ಲಿ ಕೇಂದ್ರ ಎಲ್ಲ ಈರುಳ್ಳಿಗೂ 40% ರಫ್ತು ಸುಂಕ ಹಾಕ್ತು, ಸೆಪ್ಟೆಂಬರ್ ಕೊನೆಗೆ ಈ ತಳಿಗೆ ವಿನಾಯಿತಿ ಕೊಡ್ತು, ಡಿಸೆಂಬರಲ್ಲಿ ರಫ್ತನ್ನೇ ನಿಲ್ಲಿಸ್ತು. ವಿನಾಯಿತಿ ಸಿಕ್ಕಿದ್ದು ರಾಜ್ಯದ ತೋಟಗಾರಿಕೆ ಇಲಾಖೆಯ ಸರ್ಟಿಫಿಕೇಟ್ ಮೇಲೆ. ಅಂದ್ರೆ ರಾಜ್ಯ ಗಟ್ಟಿಯಾಗಿ ಅಂಕಿಅಂಶ ಇಟ್ಕೊಂಡು ಮಾತಾಡಿದ್ರೆ ದೆಹಲಿ ಕೇಳುತ್ತೆ.

ಈಗ ಅಂಕೋಲಾದ ಕೇಣಿಯಲ್ಲಿ ದೊಡ್ಡ ಬಂದರು ಕಟ್ಟೋ ಯೋಜನೆ 2023ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆಗೆ ಸಿಕ್ಕಿದೆ, ಮೀನುಗಾರರು ಬೇಡ ಅಂತ ಬೀದಿಗಿಳಿದಿದ್ದಾರೆ, ಹೊನ್ನಾವರದ ಕಾಸರಕೋಡಲ್ಲೂ ಇದೇ ಜಗಳ ವರ್ಷಗಳಿಂದ ಇದೆ. ಮೀನುಗಾರರ ದೋಣಿ ಎಲ್ಲಿ ನಿಲ್ಬೇಕು, ಒಣಮೀನು ಎಲ್ಲಿ ಹರಡ್ಬೇಕು ಅನ್ನೋದೂ ವ್ಯಾಪಾರದ ಪ್ರಶ್ನೆಯೇ, ಮೀನೂ ರಫ್ತಾಗೋ ಮಾಲು. ಅದನ್ನ ಬಿಟ್ಟು ಸಾಗಣೆ ಮಾತ್ರ ನೋಡಿದ್ರೂ, ಕೇಣಿಗೆ ಒಳನಾಡಿಂದ ಮಾಲು ತರೋ ಹುಬ್ಬಳ್ಳಿ-ಅಂಕೋಲಾ ರೈಲು ಮಂಜೂರಾಗಿದ್ದು 1997-98ರಲ್ಲಿ, ಸುಮಾರು 164 ಕಿ.ಮೀ., ಕಾಡು ಮತ್ತೆ ವನ್ಯಜೀವಿಗಳ ಕಾರಣಕ್ಕೆ ಇವತ್ತಿಗೂ ಘಟ್ಟ ಇಳಿದಿಲ್ಲ, ಇಳೀಬೇಕಾ ಬೇಡವಾ ಅನ್ನೋ ಪ್ರಶ್ನೆಯೂ ಬಗೆಹರಿದಿಲ್ಲ. ಉತ್ತರದಲ್ಲಿ ಗೋವಾ ಕಡೆ ಇಳಿಯೋ ಕ್ಯಾಸಲ್‌ರಾಕ್-ಕುಳೆಂ ಹಳಿ ಜೋಡಿ ಮಾಡೋದಕ್ಕೆ ಸಿಕ್ಕಿದ್ದ ಒಪ್ಪಿಗೆಯನ್ನ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರದ್ದು ಮಾಡಿದೆ. ಬಂದರು ಮೊದಲು ಕಟ್ಟಿ ದಾರಿ ಆಮೇಲೆ ನೋಡ್ಕೊಳ್ಳೋಣ ಅಂದ್ರೆ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿರೋ ಜೆಎಸ್‌ಡಬ್ಲ್ಯೂ ಕಾರ್ಖಾನೆಯ ಉಕ್ಕು, ಅದಕ್ಕೆ ಬೇಕಾದ ಕಲ್ಲಿದ್ದಲು ಎಲ್ಲ ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಲಾರಿ ಮೇಲೇ ಹತ್ತಿ ಇಳೀಬೇಕಾಗುತ್ತೆ. ಎಷ್ಟು ಟನ್, ದಿನಕ್ಕೆ ಎಷ್ಟು ಲಾರಿ, ಮಳೆಗಾಲದಲ್ಲಿ ಎಷ್ಟು, ಆ ಲೆಕ್ಕವನ್ನ ಸರ್ಕಾರ ಮೊದಲು ಅಂಕೋಲಾ, ಯಲ್ಲಾಪುರದ ಜನರ ಮುಂದೆ ಇಡ್ಬೇಕು.